ಹಾಯಿಹಡಗಿಗೆ ಕರೆಯಲ್ಪಟ್ಟ ಅತಿಥಿಯ ಸಿದ್ಧತೆ

ಓದತಕ್ಕ ಭಾಗಗಳು: ಯೋನ 1ನೆಯ ಅಧ್ಯಾಯ, ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯ



ನಮ್ಮ ಗ್ರಾಮಸಭೆಗಳವರಲ್ಲಿ ಹೆಚ್ಚು ಮಂದಿ ಹೊಲಗದ್ದೆಗಳ ಕೆಲಸದವರು. ಸಮುದ್ರವನ್ನು ದಡದಲ್ಲಿ ನಿಂತು ನೋಡಿದವರು ಅನೇಕರಿದ್ದರೂ ಅದರ ಮೇಲೆ ಪ್ರಯಾಣಮಾಡಿದವರು ಸ್ವಲ್ಪ ಜನ. ಹೀಗಿದ್ದರೂ ಹಡಗಿನ ಮಾತು ನಮಗೆ ಹೊರಗಿನದಲ್ಲ. ಸುಯೆಜ್ ಕಾಲುವೆಯು 1869ರಲ್ಲಿ ತೆರೆಯಲ್ಪಡುವದಕ್ಕೆ ಬಹು ಮುಂಚೆ, 1834ರಲ್ಲಿ, ಬಾಸೆಲ್ ಮಿಶನಿನ ಮೊದಲ ಮೂವರು ಬೋಧಕರು ಹಾಯಿಹಡಗಿನಲ್ಲಿ ಪ್ರಯಾಣಿಕರಾಗಿಯೇ ನಮ್ಮ ತೀರಕ್ಕೆ ಬಂದರು. ಇಂದಿಗೂ ಪರದೇಶಗಳಲ್ಲಿಯೂ ನಮ್ಮ ದೇಶದ ಕೆಲವು ತೀರಗಳಲ್ಲಿಯೂ ಹಾಯಿದೋಣಿಯುಳ್ಳವರು ತಮ್ಮ ಸ್ನೇಹಿತರನ್ನು ಕೆಲವು ದಿವಸಗಳ ಪ್ರಯಾಣಕ್ಕೆ ಅತಿಥಿಗಳಾಗಿ ಕರೆಯುವದುಂಟು. ಅಂಥ ಅತಿಥಿಯು ಹೇಗೆ ಸಿದ್ಧನಾಗಬೇಕೆಂಬದನ್ನು ಇಂದು ವಿಚಾರಿಸೋಣ. ಯಾಕಂದರೆ ಒಂದೇ ಸಭೆಯಲ್ಲಿ ಒಟ್ಟಾಗಿ ಬಾಳುವ ನಮಗೆ ಅದರಿಂದ ಕಲಿಯತಕ್ಕದ್ದು ಬಹಳವುಂಟು.

ಮನೆಗೆ ಬಂದ ಅತಿಥಿಗೆ ಕಾಲು ತೊಳೆಯಲು ನೀರು ಕೊಟ್ಟು, ಚಾಪೆ ಹಾಸಿ, ಎಲೆಯನ್ನಿಟ್ಟು ಬಡಿಸುತ್ತೇವೆ. ಆತನು ಸುಮ್ಮನೆ ಕೂತರೂ ಮನೆಗೆ ಕೇಡಿಲ್ಲ. ಹಾಯಿದೋಣಿಯ ರೀತಿ ಹಾಗಲ್ಲ. ನಾಲ್ವತ್ತು ಅಡಿ ಉದ್ದದ ದೋಣಿಯಲ್ಲಿ ಆರೆಂಟು ಮಂದಿ ಹಗಲಿರುಳು ಒಟ್ಟಾಗಿ ಇರಬೇಕು. ಅಲ್ಲಿ ಒಬ್ಬನ ಅಜಾಗರೂಕತೆಯು ಎಲ್ಲರ ಅಪಾಯ. ಒಬ್ಬನ ಸಹಾಯವು ಎಲ್ಲರ ರಕ್ಷಣೆ. ಆದಕಾರಣ ಅತಿಥಿಯ ಸಿದ್ಧತೆಯು ದಡದಲ್ಲಿಯೇ ಪ್ರಾರಂಭವಾಗಬೇಕು. ಅದರಲ್ಲಿ ನಾಲ್ಕು ವಿಷಯಗಳನ್ನು ನೋಡೋಣ.

1. ಹೊರೆಯನ್ನು ಕಡಿಮೆ ಮಾಡತಕ್ಕದ್ದು.

ಕರೆಯು ಬಂದೊಡನೆ ಅನುಭವವಿಲ್ಲದವನು ದೊಡ್ಡ ಪೆಟ್ಟಿಗೆಯನ್ನು ತುಂಬಿಸಲಾರಂಭಿಸುತ್ತಾನೆ. ಆದರೆ ದೋಣಿಯೊಳಗೆ ಗಟ್ಟಿಯಾದ ಪೆಟ್ಟಿಗೆಯನ್ನಿಡಲು ಸ್ಥಳವಿಲ್ಲ. ಖಾಲಿಯಾದ ಮೇಲೆ ಮಡಚಿ ಮೂಲೆಯಲ್ಲಿಡಬಹುದಾದ ಬಟ್ಟೆಯ ಚೀಲವೊಂದೇ ಸಾಕು. ಅದರಲ್ಲಿ ಇರಬೇಕಾದದ್ದೇನಂದರೆ: ಬಿಸಿಲಿಗೆ ದಾರ ಕಟ್ಟಿದ ಟೊಪ್ಪಿಗೆ, ರಾತ್ರಿಯ ಗಾಳಿಗೆ ಬೆಚ್ಚಗಿನ ಅಂಗಿ, ಯಾಕಂದರೆ ಸೆಕೆಯ ದೇಶದಲ್ಲಿಯೂ ಕಡಲ ಗಾಳಿಯು ರಾತ್ರಿ ಚಳಿಹುಟ್ಟಿಸುವದು, ನೀರು ಒಳಗೆ ಸೇರದ ಮೇಲಂಗಿ, ಜಾರದಂಥ, ಹಲಗೆಗಳ ಮೇಲೆ ಗುರುತು ಬೀಳಿಸದಂಥ ಮೆತ್ತಗಿನ ಅಟ್ಟೆಯ ಪಾದರಕ್ಷೆ, ನಿತ್ಯದ ಔಷಧಗಳು. ಇದಕ್ಕಿಂತ ಹೆಚ್ಚಾದದ್ದು ತನ್ನ ಕಾಲಿಗೂ ಇತರರ ಕಾಲಿಗೂ ತೊಡಕು.

ಪೌಲನು ರೋಮಾಪುರಕ್ಕೆ ಹೋದ ಹಡಗಿನಲ್ಲಿ ಇನ್ನೂರ ಎಪ್ಪತ್ತಾರು ಮಂದಿ ಇದ್ದರು. ಅದು ಅಲೆಕ್ಸಾಂದ್ರಿಯದ ಹಡಗು, ಅದರಲ್ಲಿ ಗೋದಿಯಿತ್ತು. ಬಿರುಗಾಳಿಯು ಹೊಡೆದಾಗ ಅವರು ಮೊದಲು ಸರಕನ್ನು, ಮೂರನೆಯ ದಿವಸದಲ್ಲಿ ಹಡಗಿನ ಸಾಮಾನುಗಳನ್ನು, ಕೊನೆಗೆ ಉಣ್ಣುವ ಗೋದಿಯನ್ನೇ ಸಮುದ್ರಕ್ಕೆ ಚೆಲ್ಲಿದರು. ಬಂದರಿನಲ್ಲಿದ್ದಾಗ ಬೆಲೆಯುಳ್ಳದ್ದಾಗಿ ಕಂಡದ್ದು ಬಿರುಗಾಳಿಯಲ್ಲಿ ಪ್ರಾಣಕ್ಕೆ ಭಾರವಾಯಿತು. ನಾವು ಸಭೆಗೆ ಕೂಡಿಬರುವಾಗ ತರುವ ಹೊರೆಗಳೇನು? ತಂದೆಯ ಕಾಲದ ಗಡಿಯ ಜಗಳ, ಮದುವೆಯ ಮನೆಯಲ್ಲಿ ಯಾರೋ ಆಡಿದ ಮಾತು, ಕ್ರಿಸ್ತನಲ್ಲಿ ಸತ್ತುಹೋಗಬೇಕಾಗಿದ್ದ ಕುಲದ ಹೆಮ್ಮೆ. ಇವುಗಳಿಗೆ ದೋಣಿಯಲ್ಲಿ ಸ್ಥಳವಿಲ್ಲ. ಬಿರುಗಾಳಿ ಬಂದ ಮೇಲೆ ಎಸೆಯುವದಕ್ಕಿಂತ ದಡದಲ್ಲಿಯೇ ಬಿಟ್ಟುಬರುವದು ಲೇಸು.

2. ಹಡಗಿನ ಯಜಮಾನನಿಗೆ ಮರೆಮಾಡಬಾರದು.

ಹೊರಡುವದಕ್ಕೆ ಮುಂಚೆ ಬುದ್ಧಿವಂತನಾದ ಯಜಮಾನನು ಅತಿಥಿಯನ್ನು ಕೆಲವು ಪ್ರಶ್ನೆ ಕೇಳುವನು. ನಿನಗೆ ಈಜು ಬರುತ್ತದೋ? ಹೃದಯದ ಬೇನೆ, ಮೂರ್ಛೆ, ಸಕ್ಕರೆಯ ರೋಗ ಮೊದಲಾದದ್ದು ಉಂಟೋ? ಯಾವ ಮದ್ದು ತಕ್ಕೊಳ್ಳುತ್ತೀ? ಅಲೆಯ ಓಲಾಟದಿಂದ ವಾಂತಿಯಾಗುವ ಸ್ವಭಾವವೋ? ಇವುಗಳಿಗೆ ಉತ್ತರ ಕೊಡುವಾಗ ನಾಚಿಕೆಪಡುವವರು ಬಹಳ. ಇಲ್ಲವೆಂದರೆ ಎಲ್ಲಿ ಕರೆದುಕೊಂಡು ಹೋಗುವದಿಲ್ಲವೋ ಎಂದು ಹೆದರಿ ಸುಳ್ಳಾಡುವವರೂ ಇದ್ದಾರೆ. ದಡದಲ್ಲಿ ತಿಳಿಸಿದರೆ ಪ್ರತಿಯೊಂದಕ್ಕೂ ಏರ್ಪಾಡು ಮಾಡಬಹುದು. ಈಜು ಬಾರದವನಿಗೆ ಮೊದಲೇ ತೇಲುವ ಅಂಗಿಯನ್ನು, ಅಂದರೆ ಲೈಫ್ ಜಾಕೆಟನ್ನು, ತೊಡಿಸುವರು. ವಾಂತಿಯ ಮಾತ್ರೆಯನ್ನು ವೈದ್ಯನನ್ನು ಕೇಳಿ ಹೊರಡುವದಕ್ಕೆ ಮುಂಚೆಯೇ ತಕ್ಕೊಳ್ಳಬೇಕು. ಹೊಟ್ಟೆ ತೊಳಸಲಾರಂಭಿಸಿದ ಮೇಲೆ ಅದರಿಂದ ಪ್ರಯೋಜನ ಸ್ವಲ್ಪವೇ. ದಡದಿಂದ ಐವತ್ತು ಮೈಲು ದೂರದಲ್ಲಿ, ರಾತ್ರಿಯಲ್ಲಿ, ಮರೆಮಾಡಿದ ರೋಗವು ಹೊರಬಿದ್ದರೆ ಏನು ಮಾಡಬಹುದು? ಅಲ್ಲಿ ವೈದ್ಯನಿಲ್ಲ, ಆಸ್ಪತ್ರೆಯಿಲ್ಲ.

ಯೋನನು ಯೊಪ್ಪಕ್ಕೆ ಇಳಿದುಹೋಗಿ, ಪ್ರಯಾಣದ ಹಣವನ್ನು ಕೊಟ್ಟು, ತಾರ್ಷೀಷಿಗೆ ಹೋಗುವ ಹಡಗನ್ನು ಹತ್ತಿದನು. ಹಣದ ಲೆಕ್ಕದಲ್ಲಿ ಆತನದು ತಪ್ಪಿಲ್ಲ. ಹೃದಯದ ಲೆಕ್ಕವು ಮಾತ್ರ ದೇವರ ಮುಂದೆ ತೀರಿರಲಿಲ್ಲ. ಬಿರುಗಾಳಿಯೆದ್ದು ನಾವಿಕರು ತಮ್ಮ ಸರಕನ್ನು ಎಸೆಯುತ್ತಿರುವಾಗ ಆತನು ಹಡಗಿನ ಒಳಭಾಗದಲ್ಲಿ ನಿದ್ರೆಯಲ್ಲಿದ್ದನು. ಚೀಟು ಆತನ ಮೇಲೆ ಬಿದ್ದಾಗಲೇ ವಿಚಾರಣೆಯಾಯಿತು. ಅಷ್ಟರಲ್ಲಿ ಏನೂ ಅರಿಯದ ಆ ಜನರು ಎಷ್ಟು ನಷ್ಟಪಟ್ಟರು! ಸಹೋದರರೇ, ಮನೆಯ ಯಜಮಾನನು ಮರೆಮಾಡಿದ ಸಾಲಕ್ಕಾಗಿ ಹೆಂಡತಿ ಮಕ್ಕಳು ಹಸಿಯುತ್ತಾರೆ. ಒಬ್ಬನು ಮರೆಮಾಡಿದ ಪಾಪಕ್ಕಾಗಿ ಸಭೆಯೆಲ್ಲಾ ತಲೆತಗ್ಗಿಸುತ್ತದೆ. ನಮ್ಮ ಕರ್ತನು ನಮ್ಮ ಬಲಹೀನತೆಯನ್ನು ಕೇಳಿದ ಮಾತ್ರಕ್ಕೆ ನಮ್ಮನ್ನು ದಡದಲ್ಲಿ ಬಿಟ್ಟುಹೋಗುವವನಲ್ಲ. ಆತನಿಗೆ ಎಲ್ಲವನ್ನೂ ಅರಿಕೆಮಾಡಿರಿ.

3. ನಮ್ಮ ದಿವಸವನ್ನು ಗಾಳಿಯ ಮೇಲೆ ಹೊರಿಸಬಾರದು.

ಹಾಯಿಯು ಗಾಳಿಯಿಂದ ನಡೆಯುವದು. ಗಾಳಿಯು ನಮ್ಮ ಚಾಕರನಲ್ಲ. ಆದದರಿಂದ, ಸೋಮವಾರ ಬೆಳಿಗ್ಗೆ ನಾನು ಮನೆಯಲ್ಲಿರಲೇಬೇಕು ಎಂದು ಹಟಹಿಡಿಯುವ ಅತಿಥಿಯನ್ನು ಕಂಡರೆ ಅನುಭವಸ್ಥ ನಾವಿಕನು ಬಂಡೆಗೆ ಹೆದರುವಷ್ಟೇ ಹೆದರುತ್ತಾನೆ. ಅಂಥವನನ್ನು ಮೆಚ್ಚಿಸುವದಕ್ಕಾಗಿ ಹೊರಡಬಾರದ ವೇಳೆಯಲ್ಲಿ ಹೊರಟು ಕೆಟ್ಟವರು ಉಂಟು. ಕರೆಯನ್ನು ಒಪ್ಪಿಕೊಳ್ಳುವವನು ಹಿಂದಕ್ಕೆ ಬರುವ ದಿವಸದ ಆಚೆ ಒಂದೆರಡು ದಿವಸಗಳನ್ನು ಬಿಡುವಾಗಿ ಇಟ್ಟುಕೊಳ್ಳಲಿ. ಬಂದರಿನಲ್ಲಿ ಕಾದಿರಬೇಕೆಂದು ಯಜಮಾನನು ಹೇಳಿದರೆ ಗುಣುಗುಟ್ಟದೆ ಕಾದಿರಲಿ.

ಪೂರ್ವಕಾಲದ ಪ್ರಯಾಣಿಕರು ಇದನ್ನು ಚೆನ್ನಾಗಿ ಬಲ್ಲರು. ಆಗ ಪ್ರಯಾಣಿಕರಿಗೋಸ್ಕರವೇ ಓಡಾಡುವ ಹಡಗುಗಳಿರಲಿಲ್ಲ. ಸರಕಿನ ಹಡಗನ್ನು ಹುಡುಕಿ, ತಮ್ಮ ಆಹಾರವನ್ನೂ ಹಾಸಿಗೆಯನ್ನೂ ತಾವೇ ತಂದು, ಗಾಳಿಗಾಗಿ ಬಂದರಿನ ಹತ್ತರ ಕಾದಿರುತ್ತಿದ್ದರು. ನವೆಂಬರಿನಿಂದ ಮಾರ್ಚಿನ ವರೆಗೆ ಆ ಸಮುದ್ರದಲ್ಲಿ ಪ್ರಯಾಣವು ಬಹುಮಟ್ಟಿಗೆ ನಿಂತುಹೋಗುತ್ತಿತ್ತು. ಪೌಲನ ಹಡಗು ಕ್ರೇತದ್ವೀಪದ ಚಂದರೇವು ಎಂಬಲ್ಲಿಗೆ ಬಂದಾಗ ಉಪವಾಸದ ದಿನವೂ ಕಳೆದಿತ್ತು, ಅಂದರೆ ಶರತ್ಕಾಲವಾಗಿತ್ತು. ಮೂರು ಸಾರಿ ಹಡಗೊಡೆದು ಕಷ್ಟಪಟ್ಟವನೆಂದು ಮುಂಚೆಯೇ ಕೊರಿಂಥದವರಿಗೆ ಬರೆದಿದ್ದ ಪೌಲನು, ಮುಂದಕ್ಕೆ ಹೋದರೆ ನಷ್ಟವಾಗುವದೆಂದು ಎಚ್ಚರಿಸಿದನು. ಆದರೆ ಆ ರೇವು ಚಳಿಗಾಲ ಕಳೆಯಲು ಅನುಕೂಲವಲ್ಲವೆಂದು ಹೆಚ್ಚು ಮಂದಿ ಹೊರಡುವದಕ್ಕೆ ಆಲೋಚನೆ ಕೊಟ್ಟರು. ತೆಂಕಣ ಗಾಳಿಯು ಮೆಲ್ಲಗೆ ಬೀಸಿದಾಗ ತಮ್ಮ ಎಣಿಕೆಯು ಕೈಗೂಡಿತೆಂದು ನೆನಸಿ ಲಂಗರೆತ್ತಿದರು. ಸ್ವಲ್ಪ ಹೊತ್ತಿನಲ್ಲಿಯೇ ಭಯಂಕರವಾದ ಗಾಳಿಯು ದ್ವೀಪದ ಮೇಲಿನಿಂದ ಬಂದು ಹೊಡೆಯಿತು. ಹದಿನಾಲ್ಕು ರಾತ್ರಿ ಅವರು ತತ್ತರಿಸಿದರು. ಮೆಲ್ಲಗಿನ ಗಾಳಿಯೆಲ್ಲಾ ದೇವರ ಅಪ್ಪಣೆಯಲ್ಲ, ಹೆಚ್ಚು ಮಂದಿಯ ಮಾತೆಲ್ಲಾ ಜ್ಞಾನವಲ್ಲ ಎಂಬದನ್ನು ನೆನಪಿನಲ್ಲಿಡೋಣ.

4. ಅತಿಥಿಯು ಕೈಕೊಡುವವನಾಗಿರಬೇಕು.

ದೋಣಿಯನ್ನು ಹತ್ತಿದೊಡನೆ ಅತಿಥಿಯು ಕಲಿಯಬೇಕಾದ ಸಂಗತಿಗಳುಂಟು. ಒಂದು ಕೈ ದೋಣಿಯ ಕೆಲಸಕ್ಕೆ, ಒಂದು ಕೈ ತನ್ನನ್ನು ಹಿಡಿದುಕೊಳ್ಳುವದಕ್ಕೆ. ಹಾಯಿಯ ಕೆಳಗಂಚನ್ನು ಹಿಡಿದಿರುವ ಅಡ್ಡಮರವು ದಿಕ್ಕು ಬದಲಿಸುವಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ರಭಸದಿಂದ ತಿರುಗುವದು. ತಲೆಯನ್ನು ತಗ್ಗಿಸದವನು ಏಟು ತಿನ್ನುವನು. ಗೊತ್ತಿಲ್ಲದ ಹಗ್ಗವನ್ನು ಕೇಳದೆ ಬಿಚ್ಚಬಾರದು. ಸಿಹಿನೀರನ್ನು ಲೋಟದ ಲೆಕ್ಕದಲ್ಲಿ ಉಪಯೋಗಿಸಬೇಕು. ಪಾತ್ರೆ ತೊಳೆಯುವದು, ರಾತ್ರಿಯ ಜಾವದಲ್ಲಿ ಇನ್ನೊಬ್ಬನ ಸಂಗಡ ಎಚ್ಚರವಾಗಿರುವದು, ಪ್ರಯಾಣ ಮುಗಿದ ಮೇಲೆ ದೋಣಿಯನ್ನು ತೊಳೆದುಕೊಡುವದು, ಇವು ಏನೂ ಬಾರದವನೂ ಮಾಡಬಹುದಾದ ಸೇವೆಗಳು.

ಇನ್ನೊಂದು ಸೇವೆಯುಂಟು. ಯಾವನಾದರೂ ನೀರಿಗೆ ಬಿದ್ದರೆ, ಕಂಡವನು ಕೂಡಲೇ ಗಟ್ಟಿಯಾಗಿ ಕೂಗಬೇಕು, ತೇಲುವ ವಸ್ತುವನ್ನು ಎಸೆಯಬೇಕು. ಆಮೇಲೆ ಒಬ್ಬನನ್ನು ಒಂದೇ ಕೆಲಸಕ್ಕೆ ನೇಮಿಸುತ್ತಾರೆ. ಅದೇನಂದರೆ, ಬಿದ್ದವನ ಕಡೆಗೆ ಕೈಚಾಚಿ ತೋರಿಸುತ್ತಾ, ಕಣ್ಣನ್ನು ಒಂದು ನಿಮಿಷವೂ ಆಚೀಚೆ ತಿರುಗಿಸದೆ ನಿಲ್ಲುವದು. ಅಲೆಗಳ ನಡುವೆ ಮನುಷ್ಯನ ತಲೆಯು ತೆಂಗಿನಕಾಯಿಯಷ್ಟೇ ಕಾಣುವದು. ಒಂದು ಸಾರಿ ಕಣ್ಣು ತಪ್ಪಿದರೆ ಪುನಃ ಸಿಕ್ಕುವದು ಕಷ್ಟ. ಯಜಮಾನನು ದೋಣಿಯನ್ನು ತಿರುಗಿಸುವ ವರೆಗೆ ಆ ಚಾಚಿದ ಕೈಯೇ ಬಿದ್ದವನಿಗೆ ಆಧಾರ. ಈ ಕೆಲಸಕ್ಕೆ ವಿದ್ಯೆ ಬೇಡ, ಬಲ ಬೇಡ. ಅತಿಥಿಯೂ ಇದನ್ನು ಮಾಡಬಹುದು.

ಪೌಲನು ಆ ಹಡಗಿನಲ್ಲಿ ಸೆರೆಯವನಾಗಿದ್ದನು. ತನ್ನ ಮಾತನ್ನು ಕೇಳದೆ ಹೋದಿರೆಂದು ಒಂದು ಸಾರಿ ನೆನಪುಕೊಟ್ಟನು. ಆದರೆ ಮುನಿದುಕೊಂಡು ಕೂತಿರಲಿಲ್ಲ. ಧೈರ್ಯವಾಗಿರಿ ಎಂದು ಎಲ್ಲರನ್ನೂ ಸಂತೈಸಿದನು. ನೀರಿನ ಆಳವು ಇಪ್ಪತ್ತು ಮಾರು, ಆಮೇಲೆ ಹದಿನೈದು ಮಾರು ಎಂದು ಕಂಡ ರಾತ್ರಿಯಲ್ಲಿ ನಾವಿಕರು ಚಿಕ್ಕ ದೋಣಿಯನ್ನಿಳಿಸಿ ಓಡಿಹೋಗಲು ನೋಡಿದಾಗ, ಅದನ್ನು ಕಂಡು ಶತಾಧಿಪತಿಗೆ ತಿಳಿಸಿದವನು ಆತನೇ. ಬೆಳಗಾಗುವಾಗ ಎಲ್ಲರ ಮುಂದೆ ರೊಟ್ಟಿಯನ್ನು ತಕ್ಕೊಂಡು ದೇವರಿಗೆ ಸ್ತೋತ್ರಮಾಡಿ ಉಂಡು, ಅವರೂ ಉಣ್ಣುವಂತೆ ಮಾಡಿದನು. ದಡಸೇರಿದ ಮೇಲೆ ಮಳೆಯಲ್ಲಿಯೂ ಚಳಿಯಲ್ಲಿಯೂ ಬೆಂಕಿಗೋಸ್ಕರ ಪುಳ್ಳೆಗಳನ್ನು ಕೂಡಿಸಿದನು. ಹಡಗು ಒಡೆದುಹೋಯಿತು, ಇನ್ನೂರ ಎಪ್ಪತ್ತಾರು ಮಂದಿಯಲ್ಲಿ ಒಬ್ಬನೂ ಸಾಯಲಿಲ್ಲ.

ಪ್ರಿಯರೇ, ನಮ್ಮ ಸಭೆಯಿಂದ ನೀರಿಗೆ ಬಿದ್ದವರು ಇದ್ದಾರಲ್ಲವೋ? ಕುಡಿಕತನಕ್ಕೆ ಬಿದ್ದವನೊಬ್ಬನು, ಪಟ್ಟಣಕ್ಕೆ ಹೋಗಿ ಕಾಗದ ಬರೆಯುವದನ್ನು ನಿಲ್ಲಿಸಿದ ಮಗನೊಬ್ಬನು, ಗಂಡನನ್ನು ಕಳಕೊಂಡ ದುಃಖದಿಂದ ದೇವಾಲಯಕ್ಕೆ ಬರುವದನ್ನೇ ಬಿಟ್ಟ ಅಕ್ಕನೊಬ್ಬಳು. ಮೊದಲನೆಯ ವಾರದಲ್ಲಿ ಎಲ್ಲರೂ ಕೂಗುತ್ತೇವೆ. ಎರಡನೆಯ ತಿಂಗಳಲ್ಲಿ ಎಲ್ಲರ ಕಣ್ಣೂ ಬೇರೆ ಕಡೆಗೆ ತಿರುಗಿರುತ್ತದೆ. ಅವರನ್ನು ಎತ್ತುವ ಶಕ್ತಿ ನಮಗಿಲ್ಲದಿರಬಹುದು, ಎತ್ತುವಾತನು ಕರ್ತನು. ಆದರೆ ಪ್ರತಿದಿನದ ಪ್ರಾರ್ಥನೆಯಲ್ಲಿ ಅವರ ಹೆಸರನ್ನು ಹೇಳುತ್ತಾ, ಅವರ ಬಾಗಿಲಿಗೆ ಹೋಗುತ್ತಾ, ಕೈಚಾಚಿ ನಿಲ್ಲುವದಕ್ಕೆ ನಮ್ಮಲ್ಲಿ ಪ್ರತಿಯೊಬ್ಬನಿಂದಲೂ ಆದೀತು. ಈ ವಾರದಲ್ಲಿಯೇ ನೀವು ಯಾರ ಮೇಲೆ ಕಣ್ಣಿಡುವಿರೆಂದು ದೇವರ ಮುಂದೆ ಗೊತ್ತುಮಾಡಿಕೊಳ್ಳಿರಿ.

ಈ ಹಡಗು ನಮ್ಮದಲ್ಲ; ನಾವು ಕರುಣೆಯಿಂದ ಕರೆಯಲ್ಪಟ್ಟ ಅತಿಥಿಗಳು. ಹೊರೆಯನ್ನು ಬಿಟ್ಟು, ಏನನ್ನೂ ಮರೆಮಾಡದೆ, ಆತನ ವೇಳೆಗೆ ಕಾದಿದ್ದು, ಕೈಕೊಡುವವರಾಗಿ ನಡೆಯೋಣ. ಗಾಳಿಯನ್ನೂ ಸಮುದ್ರವನ್ನೂ ಗದರಿಸಿದ ಕರ್ತನು ನಮ್ಮೆಲ್ಲರನ್ನೂ ಒಬ್ಬರನ್ನೂ ಬಿಡದೆ ದಡಸೇರಿಸಲಿ. ಆಮೆನ್.