ಮುಳುಗುವ ಸ್ವಾತಂತ್ರ್ಯ

ಒಬ್ಬನು ತನ್ನ ಹಣದಿಂದ, ತನ್ನ ಹಿತ್ತಿಲಲ್ಲಿ, ತನ್ನ ಕೈಯಾರೆ ಒಂದು ಸಣ್ಣ ಜಲಾಂತರ್ಗಾಮಿ ನೌಕೆಯನ್ನು ಕಟ್ಟಿ ಅದರಲ್ಲಿ ತಾನೇ ಕುಳಿತು ನೀರಿಗಿಳಿಯಬಯಸಿದರೆ, ಅವನನ್ನು ತಡೆಯುವ ಅಧಿಕಾರವು ಇತರರಿಗುಂಟೆ? ಹೊರದೇಶಗಳಲ್ಲಿ ಇಂಥ ಹವ್ಯಾಸಿಗಳು ಹಲವರುಂಟು. ನಮ್ಮಲ್ಲಿಯೂ ಇದು ಬರಿಯ ತರ್ಕದ ಮಾತಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳನ್ನು ನಿರ್ಮಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಈಗ ಮುಚ್ಚಿಹೋಗಿದೆಯಾದರೂ, ಉಕ್ಕನ್ನು ಕೊರೆದು ಬೆಸೆಯಬಲ್ಲ ಕೈಗಳು ಹರಿಹರ ದಾವಣಗೆರೆಗಳಲ್ಲಿ ಇನ್ನೂ ಇವೆ.

ಕನ್ನಡ ವಾಚಕರಿಗೆ ನೀರೊಳಗಿನ ವಾಸವೆಂದೊಡನೆ ರನ್ನನ ದುರ್ಯೋಧನನು ನೆನಪಾಗುವನು. ಅವನು ವೈಶಂಪಾಯನ ಸರೋವರದಲ್ಲಿ ಅಡಗಿದ್ದುದು ಜಲಸ್ತಂಭನ ಮಂತ್ರದ ಬಲದಿಂದ. ಮಂತ್ರವಿಲ್ಲದ ನಮಗೆ ಗಣಿತವೇ ಗತಿ. 1620ರ ಸುಮಾರಿಗೆ ಡ್ರೆಬೆಲ್ ಎಂಬ ಡಚ್ಚನು ಮರದ ಹಂದರಕ್ಕೆ ಜಿಡ್ಡು ಸವರಿದ ತೊಗಲನ್ನು ಹೊದಿಸಿ, ಹುಟ್ಟುಹಾಕಿಸಿ, ಲಂಡನ್ನಿನ ಥೇಮ್ಸ್ ನದಿಯ ನೀರೊಳಗೆ ದೋಣಿಯನ್ನು ನಡೆಸಿದನಂತೆ. ತೊಗಲಿನ ಹರಿಗೋಲನ್ನು ಬಲ್ಲ ತುಂಗಭದ್ರೆಯ ತೀರದವರಿಗೆ ಇದರಲ್ಲಿ ಅಪರಿಚಿತವಾದುದು ಮುಳುಗುವಿಕೆಯೊಂದೇ.

ವಿಚಿತ್ರವೆಂದರೆ, ಮುಳುಗಿಸುವುದೇ ಮೊದಲ ಕಷ್ಟ. ಎರಡು ಘನಮೀಟರು ಗಾತ್ರದ ಪೆಟ್ಟಿಗೆಯು ಎರಡು ಸಾವಿರ ಕಿಲೋಗ್ರಾಮಿನಷ್ಟು ತೂಗದೆ ಮುಳುಗಲಾರದು. ನಮ್ಮ ದಾವಣಗೆರೆಯ ಮಂಡಕ್ಕಿ ಚೀಲದಂತೆ ತೇಲುತ್ತಲೇ ಇರುವುದು. ಮುಳುಗಿದ ಬಳಿಕ ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡವು ಏರುತ್ತದೆ. ಮೂವತ್ತು ಸೆಂಟಿಮೀಟರು ವ್ಯಾಸದ ಗಾಜಿನ ಕಿಟಕಿಯ ಮೇಲೆ ಹತ್ತು ಮೀಟರಿನ ಆಳದಲ್ಲಿ ಸುಮಾರು ಏಳು ಕ್ವಿಂಟಾಲು ಭಾರ ಬೀಳುವುದು. ಉಸಿರಿನ ಸಂಗತಿ ಇನ್ನೂ ಸೂಕ್ಷ್ಮ. ಪ್ರಾಣವಾಯು ಮುಗಿಯುವುದಕ್ಕೆ ಬಹಳ ಮುಂಚೆಯೇ, ತಾನು ಹೊರಬಿಟ್ಟ ಇಂಗಾಲಾಮ್ಲವೇ ಒಳಗಿರುವವನ ಬುದ್ಧಿಯನ್ನು ಮಂಕುಮಾಡುತ್ತದೆ. ಅಪಾಯವನ್ನು ಅರಿಯಬೇಕಾದ ಬುದ್ಧಿಯೇ ಮೊದಲು ಕೆಡುವುದೆಂದರೆ, ತನ್ನನ್ನು ತಾನೇ ಕಾಯಬಲ್ಲೆನೆಂಬ ಮಾತಿಗೆ ಏನು ಬೆಲೆ?

ಜರ್ಮನಿಯ ವಿಲ್ಹೆಲ್ಮ್ ಬಾವರನ ಕಥೆಯು ಇಲ್ಲಿ ವಿಚಾರಾರ್ಹವಾಗಿದೆ. ಹಣದ ಅಭಾವದಿಂದ ಅವನ ನೌಕೆಯ ತಗಡನ್ನು ತೆಳುಮಾಡಬೇಕಾಯಿತು. 1851ರ ಫೆಬ್ರವರಿ 1ರಂದು ಕೀಲ್ ಬಂದರಿನಲ್ಲಿ ಅದು ಮೂವರೊಡನೆ ತಳಕ್ಕಿಳಿಯಿತು. ಬಾವರನು, ಒಳಕ್ಕೆ ನೀರನ್ನು ಬಿಟ್ಟುಕೊಂಡರೆ ಒಳಗಿನ ಗಾಳಿಯ ಒತ್ತಡವು ಹೊರಗಿನದಕ್ಕೆ ಸಮವಾಗುವುದು, ಆಗ ಬಾಗಿಲು ತೆರೆಯುವುದು ಎಂದನು. ಮುಳುಗುವವರಿಗೆ ಇನ್ನಷ್ಟು ನೀರು ಬಿಡಿರೆಂದರೆ ಒಪ್ಪುವರೆ? ಗಂಟೆಗಳ ಬಳಿಕ ಒಪ್ಪಿದರು. ಮೂವರೂ ಬದುಕಿ ಮೇಲೆ ಬಂದರು. 2023ರ ಜೂನ್ 18ರಂದು ಟೈಟಾನಿಕ್ ಹಡಗಿನ ಅವಶೇಷವನ್ನು ನೋಡಲು ಹೊರಟ ಟೈಟನ್ ನೌಕೆಯವರಿಗೆ ಅಂಥ ಅವಕಾಶವಿರಲಿಲ್ಲ. ನಿರ್ಮಾಪಕ ಸ್ಟಾಕ್ಟನ್ ರಶ್ ಸಹಿತ ಐವರು ಗತಿಸಿದರು. ಅವರಲ್ಲಿ ಹತ್ತೊಂಬತ್ತರ ಹುಡುಗನೊಬ್ಬನು ತಂದೆಯೊಡನೆ ಇದ್ದನು. ಆ ಸಂಸ್ಥೆಯ ನೌಕಾಚಾಲನೆಯ ಮುಖ್ಯಸ್ಥರು 2018ರಲ್ಲಿಯೇ ಅಪಾಯವನ್ನು ಬರೆದು ತಿಳಿಸಿದ್ದರು, ಕೆಲಸವನ್ನೂ ಕಳೆದುಕೊಂಡರು. ಸಾಹಸವನ್ನು ನಾನು ಹಳಿಯಲಾರೆ. ಪರೀಕ್ಷಕನನ್ನು ಹೊರಹಾಕುವುದನ್ನು ಮಾತ್ರ ಸಾಹಸವೆನ್ನಲಾರೆ.

ನಮ್ಮ ಶಾಸ್ತ್ರವು ಮನುಷ್ಯನು ಋಣಿಯಾಗಿಯೇ ಹುಟ್ಟುವನೆನ್ನುತ್ತದೆ. ಋಣವುಳ್ಳವನ ಪ್ರಾಣವು ಪೂರ್ತಿ ಅವನದೇ ಆಸ್ತಿಯಲ್ಲ. ಆದರೆ ಈ ವಾದವನ್ನೇ ಹಿಡಿದರೆ ಯಾವನೂ ಹರಿಗೋಲನ್ನು ಸಹ ಹತ್ತುತ್ತಿರಲಿಲ್ಲ! ಆದುದರಿಂದ ಪ್ರಶ್ನೆಯನ್ನು ಬೇರೆಡೆಯಿಂದ ನೋಡುತ್ತೇನೆ. ಹರಿಹರದ ಹೊಳೆಯಲ್ಲಿ ಒಬ್ಬನು ಮುಳುಗಿದರೆ ಹುಡುಕಲು ಇಳಿಯುವವರು ಬೆಸ್ತರು, ಅಗ್ನಿಶಾಮಕದವರು. ಅವರಿಗೂ ಮನೆಯುಂಟು, ಮಕ್ಕಳುಂಟು. ನಾನೊಬ್ಬನೇ ಮುಳುಗುವೆನೆಂಬುವನು ಅವರನ್ನು ಕೇಳದೆಯೇ ತನ್ನ ಜೊತೆಗೆ ಕರೆದೊಯ್ಯುತ್ತಾನೆ. ಅವರಿಗೆ ಸಲ್ಲಬೇಕಾದುದು ಅವನ ಕ್ಷಮೆಯಲ್ಲ, ಮುಂಗಡ ಶ್ರಮ: ತನ್ನ ಲೆಕ್ಕವನ್ನು, ಕೂಡದೆನ್ನುವ ಧೈರ್ಯವುಳ್ಳ ಇನ್ನೊಬ್ಬನ ಮುಂದಿಡುವುದು, ಒಳಗಿನಿಂದಲೇ ಕಳಚಿಬಿಡಬಹುದಾದ ಭಾರವನ್ನು ಇಡುವುದು, ಖಾಲಿ ನೌಕೆಯನ್ನು ಹಗ್ಗಕ್ಕೆ ಕಟ್ಟಿ, ತಾನು ಇಳಿಯಲಿರುವ ಆಳಕ್ಕಿಂತ ಹೆಚ್ಚು ಆಳಕ್ಕೆ ಇಳಿಸಿ, ಮೇಲೆತ್ತಿ, ಒಂದು ಹನಿಯಾದರೂ ಒಳಸೇರಿತೇ ಎಂದು ನೋಡುವುದು. ಬೇಸಗೆಯಲ್ಲಿ ಬಂಡೆಗಳು ತಲೆಯೆತ್ತುವ ನಮ್ಮ ಹೊಳೆಯು ಇದಕ್ಕೆ ಸಾಲದು. ಆಳವಾದ ಜಲಾಶಯವನ್ನು ಹುಡುಕಿ, ಅಪ್ಪಣೆ ಪಡೆದು ಹೋಗಬೇಕಾದೀತು. ನಮ್ಮ ಊರಿನ ತರುಣನೊಬ್ಬನು ಇಷ್ಟನ್ನೂ ಮಾಡಿದನಾದರೆ, ದಡದಲ್ಲಿ ಆ ಹಗ್ಗವನ್ನು ಹಿಡಿಯಲು ನಾನು ಸಂತೋಷದಿಂದ ಹೋಗುವೆನು.