ದಾಟಿಸುವವಳ ಧರ್ಮ

ನಮ್ಮ ಮಂಗಳೂರಿನಲ್ಲಿ ಹೆಂಗಸಾಗಿ ಹುಟ್ಟಿದವಳು ಬೇರೇನು ಆಗದಿದ್ದರೂ ದುಭಾಷಿಯಂತೂ ಆಗಿಯೇ ಆಗುತ್ತಾಳೆ. ಮೀನು ಕೊಳ್ಳುವುದು ತುಳುವಿನಲ್ಲಿ, ಆಚೆಮನೆಯ ಬಾಯಮ್ಮನೊಡನೆ ಮಾತು ಕೊಂಕಣಿಯಲ್ಲಿ, ಮಕ್ಕಳ ಶಾಲೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಇಂಗ್ಲಿಷು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ನಮಗೆ ತೆಂಗಿನಕಾಯಿ ತುರಿದಷ್ಟೇ ಸಹಜ. ಆದರೆ ದಾಟಿಸುವವಳ ಧರ್ಮವೇನು? ಕೇಳಿದ್ದನ್ನು ಕೇಳಿದಂತೆಯೇ ಹೇಳಬೇಕೇ, ಮುಳ್ಳು ತೆಗೆದು ಹೇಳಬಹುದೇ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದ್ದು ಒಂದು ಕಂಪ್ಯೂಟರ್ ಆಟ ಎಂದರೆ ನೀವು ನಗಬಹುದು.

ತಂಗಿಯ ಮಗ ರಜೆಗೆ ಬಂದಾಗ ಅದನ್ನು ಆಡುತ್ತಿದ್ದ. ಚಿತ್ರವಿಲ್ಲ, ಸದ್ದಿಲ್ಲ, ಪರದೆಯ ಮೇಲೆ ಬರೀ ಅಕ್ಷರ. ಒಂದು ಬಿಳಿ ಮನೆ, ಅದರ ಬಳಿ ಒಂದು ಅಂಚೆ ಪೆಟ್ಟಿಗೆ ಇದೆ ಎಂದು ಕತೆ ಶುರುವಾಗುತ್ತದೆ. ಪೆಟ್ಟಿಗೆ ತೆರೆ ಎಂದೋ ಉತ್ತರಕ್ಕೆ ಹೋಗು ಎಂದೋ ನಾವು ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ಕತೆ ಮುಂದೆ ಸಾಗುತ್ತದೆ. ಝೋರ್ಕ್ ಎಂದು ಅದರ ಹೆಸರು. 1977ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ನಾಲ್ವರು ಯುವಕರು ಬರೆಯತೊಡಗಿದ್ದು.

"ಇಷ್ಟು ಹಳೆಯ ಆಟ ಈಗಿನ ಕಂಪ್ಯೂಟರಿನಲ್ಲಿ ಹೇಗೆ ನಡೆಯುತ್ತದೆ ಮಾರಾಯ?" ಎಂದೆ.

"ನಡುವೆ ಒಬ್ಬ ಇದ್ದಾನೆ ದೊಡ್ಡಮ್ಮ, ಇಂಟರ್‌ಪ್ರಿಟರ್ ಅಂತ."

ಆ ಕಾಲದಲ್ಲಿ ಒಂದೊಂದು ಕಂಪನಿಯ ಕಂಪ್ಯೂಟರಿಗೆ ಒಂದೊಂದು ಭಾಷೆಯಂತೆ. ಎಲ್ಲದಕ್ಕೂ ಕತೆಯನ್ನು ಮತ್ತೆ ಮತ್ತೆ ಬರೆಯುವವರಾರು? ಆ ಬಳಗದವರು 1979ರಲ್ಲಿ ಇನ್ಫೋಕಾಂ ಎಂಬ ಕಂಪನಿ ಕಟ್ಟಿ ಒಂದು ಉಪಾಯ ಹೂಡಿದರು. ಎಲ್ಲೂ ಇಲ್ಲದ ಒಂದು ಕಂಪ್ಯೂಟರನ್ನು ಕಲ್ಪಿಸಿಕೊಂಡು, ಅದಕ್ಕೆ ಝಡ್-ಮೆಷಿನ್ ಎಂದು ಹೆಸರಿಟ್ಟು, ಕತೆಯನ್ನು ಅದರ ಭಾಷೆಯಲ್ಲಿ ಸಿದ್ಧಪಡಿಸಿದರು. ಆಮೇಲೆ ಪ್ರತಿಯೊಂದು ನಿಜವಾದ ಕಂಪ್ಯೂಟರಿಗೂ ಒಬ್ಬ ದುಭಾಷಿಯನ್ನು ಮಾಡಿಕೊಟ್ಟರೆ ಸಾಕಾಯಿತು. ಕಂಪನಿ 1989ರಲ್ಲಿ ಮುಚ್ಚಿತು, ಆಗಿನ ಯಂತ್ರಗಳು ಗುಜರಿ ಸೇರಿದವು. ಕತೆ ಮಾತ್ರ ಉಳಿಯಿತು. ಆಸಕ್ತರು ಹೊಸ ಯಂತ್ರಗಳಿಗೆ ಹೊಸ ದುಭಾಷಿಗಳನ್ನು ಬರೆಯುತ್ತ ಬಂದರು. ಹುಡುಗ ಬಳಸುತ್ತಿದ್ದ ಫ್ರಾಟ್ಜ್ ಎಂಬುದು 1995ರಲ್ಲಿ ಬಂದದ್ದು.

ನನ್ನನ್ನು ಯೋಚನೆಗೆ ಹಚ್ಚಿದ್ದು ಈ ದುಭಾಷಿಯ ನಡತೆ. ದೀಪವಿಲ್ಲದೆ ಕತ್ತಲಿಗೆ ಹೊರಟವರನ್ನು ಅವನು ತಡೆಯುವುದಿಲ್ಲ. ಯಾವುದೋ ಪ್ರಾಣಿ ನಿಮ್ಮನ್ನು ನುಂಗಿತು ಎಂಬ ಸುದ್ದಿಯನ್ನು ಮೆತ್ತಗೆ ಮಾಡುವುದೂ ಇಲ್ಲ. ನಮ್ಮ ಮಾತನ್ನು ಕತೆಗೆ, ಕತೆಯ ಮಾತನ್ನು ನಮಗೆ ಒಪ್ಪಿಸಿ ಸುಮ್ಮನಾಗುತ್ತಾನೆ.

ನಮ್ಮ ತಾಳಮದ್ದಳೆಯ ಅರ್ಥಧಾರಿ ಹಾಗಲ್ಲ. ಭಾಗವತರ ಪದ್ಯ ನಾಲ್ಕು ಸಾಲಿನದಾದರೆ ಇವರ ಅರ್ಥ ಅರ್ಧ ಗಂಟೆಯದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918-2006) ವಾದಕ್ಕಿಳಿದರೆ ಜನ ನಿದ್ದೆಗೆಟ್ಟು ಕೇಳುತ್ತಿದ್ದರು. ಆದರೂ ಬಾಣ ತಾಗಿದ ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಎದ್ದು ಮನೆಗೆ ಹೋಗುವಂತಿಲ್ಲ. ಮಾತು ಅರ್ಥಧಾರಿಯದು, ಪ್ರಸಂಗ ಅವನದಲ್ಲ.

ನಾವು ಹೆಂಗಸರು ಇವರಿಬ್ಬರ ನಡುವಿನವರು. "ಸಾರು ಬಾಯಿಗಿಡುವ ಹಾಗಿಲ್ಲ" ಎಂದು ಅತ್ತೆ ಅಂದದ್ದನ್ನು ಸೊಸೆಗೆ "ಉಪ್ಪು ತುಸು ಹೆಚ್ಚಾಯಿತಂತೆ" ಎಂದು ಮುಟ್ಟಿಸುತ್ತೇವೆ. ಇದು ಸುಳ್ಳೆಂದು ನನಗೆ ಅನಿಸುವುದಿಲ್ಲ. ನಾಳೆ ಉಪ್ಪು ಕಡಿಮೆ ಹಾಕಲು ಅವಳಿಗೆ ಬೇಕಾದಷ್ಟು ಆ ಮಾತಿನಲ್ಲೂ ಉಂಟು.

ಆದರೆ ಎಲ್ಲ ಮಾತೂ ಸಾರಿನದಲ್ಲ. ಮರುವರ್ಷ ನೆರೆಮನೆಯ ಅಜ್ಜಿಯೊಡನೆ ಆಸ್ಪತ್ರೆಗೆ ಹೋಗಬೇಕಾಯಿತು. ಅವರಿಗೆ ತುಳು ಬಿಟ್ಟರೆ ಬಾರದು. ಡಾಕ್ಟರು ಉತ್ತರದ ಕಡೆಯವರು. ಮಗನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ರೋಗ ವಾಸಿಯಾಗುವಂಥದಲ್ಲ ಎಂದು ಅವನಿಗೆ ಗೊತ್ತಿತ್ತು. "ಅಮ್ಮನಿಗೆ ಏನೂ ಹೇಳಬೇಡಿ ಅಕ್ಕ, ಗುಣ ಆಗ್ತದೆ ಅಂತ ಹೇಳಿ" ಎಂದು ಹೊರಗೇ ಕೈಮುಗಿದ. ಅದು ಪ್ರೀತಿಯೇ. "ಅವರಾಗಿ ಕೇಳಿದರೆ ನಾನು ಸುಳ್ಳು ಹೇಳಲಾರೆ" ಎಂದೆ.

ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. ಆಪರೇಷನ್ ಮಾಡಿಸಿದರೆ ತವರಿನ ನೇಮಕ್ಕೆ ಹೋಗಬಹುದೇ? ಪ್ರಶ್ನೆಯನ್ನು ಇದ್ದಂತೆ ದಾಟಿಸಿದೆ. ಉತ್ತರವನ್ನೂ ದಾಟಿಸಿದೆ: ಈ ವರ್ಷ ಆಗಲಾರದು, ಮಾಡಿಸಿದರೂ ಪೂರ್ತಿ ಗುಣವಾಗುವ ಭರವಸೆಯಿಲ್ಲ. ದನಿ ತಗ್ಗಿಸಿದೆ, ಅವರ ಕೈ ಹಿಡಿದುಕೊಂಡೆ, ಸಂಗತಿಯನ್ನು ಮಾತ್ರ ಬಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆಪರೇಷನ್ ಬೇಡ, ನೇಮ ನೋಡಿ ಬರುತ್ತೇನೆ ಎಂದರು. ಹೋಗಿ ಬಂದರು. ಮಳೆಗಾಲದಲ್ಲಿ ತೀರಿಕೊಂಡರು.

ಮಗ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ತಾಯಿ ಇನ್ನೂ ಸ್ವಲ್ಪ ಕಾಲ ಬದುಕುತ್ತಿದ್ದರೇನೋ ಎಂಬ ಅವನ ಸಂಕಟಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ತೀರ್ಮಾನ ಅವನದಾಗಿರಲಿಲ್ಲ, ನನ್ನದೂ ಆಗಿರಲಿಲ್ಲ.

ಯಂತ್ರದ ದುಭಾಷಿಗೆ ಕರುಣೆಯಿಲ್ಲ, ನಮಗುಂಟು. ಅದನ್ನು ದನಿಯಲ್ಲಿ, ಶಬ್ದದಲ್ಲಿ ಧಾರಾಳವಾಗಿ ತೋರಿಸೋಣ. ಆದರೆ ಮುಂದೇನು ಮಾಡಬೇಕೆಂದು ನಿಶ್ಚಯಿಸಲು ಒಬ್ಬರಿಗೆ ಬೇಕಾದ ಸಂಗತಿಯನ್ನು, ಕರುಣೆಯ ಹೆಸರಿನಲ್ಲಿ ನಮ್ಮ ಸೆರಗಿನಲ್ಲಿ ಗಂಟು ಹಾಕಿಕೊಂಡರೆ, ಅವರ ಬದುಕಿನ ಸರದಿಯನ್ನು ನಾವು ಆಡಿದಂತಾಗುತ್ತದೆ.