ಮುಂದೆ ಬಿಚ್ಚುವವನು

ನಮ್ಮ ಗೋಕಾಕ ಕಡೆ ಗ್ಯಾರೇಜಿಗೆ ಹೋಗುವವರು ಎರಡು ಮಾತುಗಳನ್ನು ಬೇರೆ ಬೇರೆಯಾಗಿಯೇ ಬಳಸುತ್ತಾರೆ. ಗಾಡಿ ಕೆಟ್ಟು ನಿಂತರೆ ‘ರಿಪೇರಿ’. ನಡೆಯುತ್ತಿರುವ ಗಾಡಿಯನ್ನು ಒಯ್ದು ಬಿಟ್ಟು ಬಂದರೆ ‘ಸರ್ವಿಸಿಂಗ್’. ರಿಪೇರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಚಾಲೂ ಆಗದ ಗಾಡಿ ಚಾಲೂ ಆಯಿತು ಅಂದರೆ ಕೆಲಸ ಆಯಿತು. ಸರ್ವಿಸಿಂಗ್ ಹಾಗಲ್ಲ. ಚೆನ್ನಾಗಿದ್ದದ್ದನ್ನು ಕೊಟ್ಟೆವು, ಚೆನ್ನಾಗಿರುವುದನ್ನೇ ಮರಳಿ ಪಡೆದೆವು. ನಡುವೆ ಏನು ನಡೆಯಿತು ಎಂಬುದು ಮಾಡಿದವನಿಗೆ ಮಾತ್ರ ಗೊತ್ತು. ಏನೂ ನಡೆಯದೆಯೂ ಇರಬಹುದು. ಹೀಗೆ ಯಾರೂ ನೋಡದ, ನೋಡಿದರೂ ತಿಳಿಯದ ಕೆಲಸವನ್ನು ಒಬ್ಬ ಮನುಷ್ಯ ಯಾಕೆ ಸರಿಯಾಗಿ ಮಾಡಬೇಕು? ಹಳೆಯ ಪ್ರಶ್ನೆ ಇದು. ನನಗೆ ಎದುರಾದದ್ದು ಮಾತ್ರ ಮೌಂಟೇನ್ ಬೈಕಿನ ಸಸ್ಪೆನ್ಷನ್ ಫೋರ್ಕಿನ ಮೂಲಕ.

ಮೌಂಟೇನ್ ಬೈಕಿಗೆ ಈ ಫೋರ್ಕ್ ಬಂದದ್ದು ಈಚೆಗೆ. ಅಮೆರಿಕದ ಪಾಲ್ ಟರ್ನರ್ 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ಶುರು ಮಾಡಿದ. ಮರುವರ್ಷ ಕೊಲರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಳಿಜಾರಿನ ಓಟ ಗೆದ್ದ ಗ್ರೆಗ್ ಹರ್ಬೋಲ್ಡ್‌ನ ಸೈಕಲ್ಲಿಗೆ ಅಂಥ ಫೋರ್ಕ್ ಇತ್ತು. ಆಮೇಲೆ ಅದು ಎಲ್ಲ ಕಡೆ ಹರಡಿತು. ನಮ್ಮವರು ಮೋಟರ್ ಸೈಕಲ್ಲಿನದನ್ನು ಕರೆಯುವಂತೆ ಇದನ್ನೂ ‘ಶಾಕಪ್ಸರ್’ ಎಂದೇ ಕರೆಯುತ್ತಾರೆ. ಒಳಗಿನ ತತ್ವವೂ ಒಂದೇ. ಮೇಲಿನ ಎರಡು ನುಣುಪಾದ ಕೊಳವೆಗಳು ಕೆಳಗಿನ ಎರಡು ಕಾಲುಗಳೊಳಗೆ ಜಾರುತ್ತವೆ. ಒಂದು ಕಡೆ ಸ್ಪ್ರಿಂಗ್ ಅಥವಾ ಒತ್ತಿ ತುಂಬಿದ ಗಾಳಿ, ಇನ್ನೊಂದು ಕಡೆ ಡ್ಯಾಂಪರ್. ಸ್ಪ್ರಿಂಗ್ ಪೆಟ್ಟನ್ನು ಸಾಲದ ಹಾಗೆ ತೆಗೆದುಕೊಂಡು ಹಾಗೆಯೇ ತಿರುಗಿ ಕೊಡುತ್ತದೆ. ಡ್ಯಾಂಪರ್ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ಹಾಯಿಸಿ ಆ ಪೆಟ್ಟನ್ನು ಬಿಸಿಯಾಗಿ ಕರಗಿಸುತ್ತದೆ. ಅದಿಲ್ಲದಿದ್ದರೆ ಪ್ರತಿ ಕಲ್ಲಿಗೂ ಸೈಕಲ್ಲು ಮೇಕೆಮರಿಯಂತೆ ಕುಣಿಯುತ್ತದೆ.

ಇದಲ್ಲದೆ ಕೆಳಗಿನ ಕಾಲುಗಳಲ್ಲಿ ಕೊಳವೆಗಳ ಜಾರಿಕೆಗೆಂದು ಒಂದಿಷ್ಟು ಎಣ್ಣೆ ಇರುತ್ತದೆ. ಎಷ್ಟು? ಹಲವು ಫೋರ್ಕುಗಳಲ್ಲಿ ಒಂದೊಂದು ಕಾಲಿಗೆ ಹತ್ತಿಪ್ಪತ್ತು ಮಿಲಿಲೀಟರ್, ಹೆಚ್ಚೆಂದರೆ ನಾಲ್ಕು ಚಮಚೆ. ಜೊತೆಗೆ ಧೂಳು ತಡೆಯುವ ರಬ್ಬರ್ ಸೀಲ್, ಅದರ ಕೆಳಗೆ ಎಣ್ಣೆ ಹೀರಿಕೊಂಡು ಕೊಳವೆಯನ್ನು ಸದಾ ಒದ್ದೆಯಾಗಿಡುವ ಸ್ಪಂಜಿನ ಬಳೆ. ಸರ್ವಿಸಿಂಗ್ ಎಂದರೆ ಬಹುಪಾಲು ಇಷ್ಟೇ: ಗಾಳಿ ಬಿಟ್ಟು, ಕಾಲು ಕಳಚಿ, ಹಳೆಯ ಎಣ್ಣೆ ಚೆಲ್ಲಿ, ಒಳಗೆಲ್ಲ ಒರೆಸಿ, ಸ್ಪಂಜನ್ನು ಎಣ್ಣೆಯಲ್ಲಿ ನೆನೆಸಿ, ಸಿರಿಂಜಿನಿಂದ ಅಳೆದು ಹೊಸ ಎಣ್ಣೆ ಹಾಕಿ ಮುಚ್ಚುವುದು. ಮುಚ್ಚಿದ ಮೇಲೆ ಹೊರಗೆ ಯಾವ ಗುರುತೂ ಉಳಿಯುವುದಿಲ್ಲ. ಒಳಗಿನಿಂದ ಸರ್ವಿಸ್ ಆದ ಫೋರ್ಕೂ, ಬರೀ ಬಟ್ಟೆಯಿಂದ ಒರೆಸಿದ ಫೋರ್ಕೂ ಒಂದೇ ಥರ ಹೊಳೆಯುತ್ತವೆ.

ನಮ್ಮ ಸೀಮೆ ಈ ಫೋರ್ಕುಗಳಿಗೆ ಸುಲಭದ್ದಲ್ಲ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವುದು ಮರಳುಗಲ್ಲಿನ ಬಂಡೆಯಿಂದ. ಯೋಗಿಕೊಳ್ಳದ ಕಡೆಗೋ ಗೊಡಚಿನಮಲ್ಕಿಯ ಕಡೆಗೋ ಹೊರಟರೆ ಚಕ್ರದಡಿ ಏಳುವುದು ಅದೇ ಕಲ್ಲಿನ ಪುಡಿ. ಮೂಡಲಗಿ ಕಡೆ ಇಳಿದರೆ ಎರೆಮಣ್ಣು, ಕಾಲುವೆ ದಂಡೆ, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಏಳುವ ಧೂಳು. ಹುಕ್ಕೇರಿಯ ಹಿಡಕಲ್ ಹಿನ್ನೀರಿನ ಸುತ್ತ ಕೆಸರು. ಸೀಲು ಸವೆದರೆ ಇವೆಲ್ಲ ಒಳಗೆ ಹೋಗಿ ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ. ಕೊಳವೆಯ ಮೇಲಿನ ಗಟ್ಟಿ ಲೇಪ ಒಮ್ಮೆ ಕಿತ್ತುಹೋದರೆ ಅದನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ಅಗ್ಗದ ರಬ್ಬರನ್ನು ಬದಲಿಸದೆ ಬಿಟ್ಟದ್ದಕ್ಕೆ ದುಬಾರಿ ಫೋರ್ಕನ್ನೇ ಬದಲಿಸಬೇಕಾಗುತ್ತದೆ.

ಆದರೆ ಈ ಕೆಡುವಿಕೆ ಸವಾರನಿಗೆ ಗೊತ್ತಾಗುವುದಿಲ್ಲ. ಅದು ಒಂದೇ ದಿನ ಆಗುವಂಥದ್ದಲ್ಲ. ಫೋರ್ಕ್ ದಿನಕ್ಕಿಷ್ಟು ಬಿಗಿಯಾಗುತ್ತದೆ, ಕೈಗಳು ದಿನಕ್ಕಿಷ್ಟು ಹೊಂದಿಕೊಳ್ಳುತ್ತವೆ. ಮುಂಗೈ ನೋವನ್ನು ದಾರಿಯ ಮೇಲೆ, ವಯಸ್ಸಿನ ಮೇಲೆ ಹಾಕುತ್ತೇವೆ. ಹೀಗಾಗಿ ಸರ್ವಿಸಿಂಗ್ ಆಗಿದೆಯೋ ಇಲ್ಲವೋ ಎಂದು ಹೇಳಲು ಅತ್ಯಂತ ಅನರ್ಹ ವ್ಯಕ್ತಿ ಎಂದರೆ ದಿನಾ ಅದನ್ನು ಓಡಿಸುವವನೇ. ಕೆಲಸ ಮಾಡುವವನನ್ನು ಪರೀಕ್ಷಿಸಬೇಕಾದವನ ಅಳತೆಗೋಲೇ ಸವೆದಿರುತ್ತದೆ.

ನನ್ನ ಫೋರ್ಕನ್ನು ದೊಡ್ಡ ಊರೊಂದರ ಸೈಕಲ್ ಅಂಗಡಿಗೆ ಸರ್ವಿಸಿಂಗಿಗೆ ಕೊಟ್ಟಿದ್ದೆ. ಬಿಲ್ಲಿನಲ್ಲಿ ಎಣ್ಣೆ, ಸೀಲು, ಮಜೂರಿ ಎಂದು ಮೂರು ಸಾಲು ಇದ್ದವು. ಮೂರು ತಿಂಗಳ ನಂತರ ಒಂದು ಕಾಲಿನಿಂದ ಎಣ್ಣೆ ಒಸರತೊಡಗಿತು. ಮತ್ತೆ ಅಷ್ಟು ದೂರ ಹೋಗುವ ಬದಲು ಮೂಡಲಗಿಯಲ್ಲಿ ಮೋಟರ್ ಸೈಕಲ್ಲುಗಳ ಶಾಕಪ್ಸರ್ ಕೆಲಸಕ್ಕೆ ಹೆಸರಾದ ಹಿರಿಯರೊಬ್ಬರ ಬಳಿ ಒಯ್ದೆ. ಹೊಸ ಸೀಲುಗಳನ್ನು ತರಿಸಿಕೊಟ್ಟಿದ್ದೆ. ಅವರು ಕಾಲು ಕಳಚಿ, ತಟ್ಟೆಗೆ ಬಿದ್ದ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ಇದನ್ನ ಯಾವಾಗ ಬಿಚ್ಚಿದ್ರು?”

“ಮೂರು ತಿಂಗಳಾತ್ರಿ ಕಾಕಾ.”

“ಇದು ಮೂರು ತಿಂಗಳಿನ ಎಣ್ಣಿ ಅಲ್ಲೋ ತಮ್ಮಾ. ಈ ಸ್ಪಂಜ್ ನೋಡು, ಒಣಗಿ ಕಟಗಿ ಆಗೇತಿ. ಒಳಗ ಯಾರೂ ಕೈ ಹಾಕಿಲ್ಲ.”

ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಹೆಚ್ಚು ಕಾಲ ಉಳಿದದ್ದು ಬೇರೆಯೇ ಒಂದು ಯೋಚನೆ. ಆ ಸೀಲು ಒಸರದೇ ಇದ್ದಿದ್ದರೆ ನಾನು ಆ ಅಂಗಡಿಯನ್ನು ಈಗಲೂ ಹೊಗಳುತ್ತಿದ್ದೆ.

ಪ್ಲೇಟೋ ‘ರಿಪಬ್ಲಿಕ್’ನ ಎರಡನೆಯ ಭಾಗದಲ್ಲಿ ಗ್ಲಾಕನ್‌ನ ಬಾಯಲ್ಲಿ ಒಂದು ಕಥೆ ಹೇಳಿಸುತ್ತಾನೆ. ಲಿಡಿಯಾದ ಕುರುಬನೊಬ್ಬನಿಗೆ ಉಂಗುರ ಸಿಗುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಅವನು ಯಾರಿಗೂ ಕಾಣುವುದಿಲ್ಲ. ಅವನು ಅರಮನೆ ಹೊಕ್ಕು, ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು ಸಿಂಹಾಸನ ಏರುತ್ತಾನೆ. ಕಾಣದಂತಾದರೆ ನ್ಯಾಯವಂತನೂ ಹಾಗೆಯೇ ಮಾಡಾನು ಎಂಬುದು ಗ್ಲಾಕನ್‌ನ ವಾದ. ನಮಗೆ ಇದರ ಎದುರು ಕಥೆ ಬಾಲ್ಯದಿಂದ ಗೊತ್ತು. ಯಾರೂ ಕಾಣದ ಜಾಗದಲ್ಲಿ ಬಾಳೆಹಣ್ಣು ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರನ್ನು ಕಳಿಸುತ್ತಾರೆ. ಎಲ್ಲರೂ ತಿಂದು ಬಂದರೆ ಕನಕದಾಸರು ಹಣ್ಣನ್ನು ಹಾಗೆಯೇ ಮರಳಿ ತರುತ್ತಾರೆ. ದೇವರು ಕಾಣದ ಜಾಗ ಅವರಿಗೆ ಸಿಗಲಿಲ್ಲ.

ಕನಕರ ಉತ್ತರ ದೊಡ್ಡದು. ಆದರೆ ಗ್ಯಾರೇಜಿಗೆ ಅದನ್ನು ಹಾಗೆಯೇ ತರಲು ನನಗೆ ತೊಡಕಿದೆ. ಬಹಳಷ್ಟು ಅಂಗಡಿಗಳ ಗೋಡೆಯ ಮೇಲೆ ದೇವರ ಫೋಟೋ ಇದೆ, ಬೆಳಗ್ಗೆ ಊದುಬತ್ತಿ ಹಚ್ಚುತ್ತಾರೆ. ಹಾಗೆಂದು ಒಣಗಿದ ಸ್ಪಂಜು ನೆನೆಯುವುದಿಲ್ಲ. ದೇವರ ಕಣ್ಣನ್ನು ನಂಬಿಯೂ ನಾಲ್ಕು ಚಮಚೆ ಎಣ್ಣೆಯಷ್ಟು ಸಣ್ಣ ಸಂಗತಿಯನ್ನು ಅವನು ನೋಡಲಿಕ್ಕಿಲ್ಲ ಎಂದುಕೊಳ್ಳುವುದು ಮನುಷ್ಯರಿಗೆ ಕಷ್ಟವೇನಲ್ಲ. ಇನ್ನು ಗ್ಲಾಕನ್‌ನ ಕುರುಬನಿಗೂ ಆ ಅಂಗಡಿಯ ಹುಡುಗನಿಗೂ ಹೋಲಿಕೆ ಅಷ್ಟು ಸರಿಹೋಗುವುದಿಲ್ಲ. ಕುರುಬನಿಗೆ ರಾಜ್ಯ ಸಿಕ್ಕಿತು. ಹುಡುಗನಿಗೆ ಸಿಕ್ಕದ್ದು ಪ್ರಾಯಶಃ ಅರ್ಧ ತಾಸು ಬಿಡುವು. ರಾಬರ್ಟ್ ಪಿರ್ಸಿಗ್‌ನ 1974ರ ಪುಸ್ತಕ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ನಲ್ಲಿ ಗಾಡಿ ಕೆಡಿಸುವ ಮೆಕ್ಯಾನಿಕ್ಕುಗಳು ಬರುತ್ತಾರೆ. ಅವರು ಕಳ್ಳರಲ್ಲ, ತಮ್ಮದೇ ಕೆಲಸವನ್ನು ಪ್ರೇಕ್ಷಕರಂತೆ ನೋಡುತ್ತಿರುವವರು. ಲೋಕದ ಹೆಚ್ಚಿನ ಕಳಪೆ ಕೆಲಸ ಮೋಸದಿಂದಲ್ಲ, ಇಂಥ ಗೈರುಹಾಜರಿಯಿಂದಲೇ ಹುಟ್ಟುತ್ತದೆ ಎನಿಸುತ್ತದೆ.

ಈ ಗೈರುಹಾಜರಿಯನ್ನು ಕಲಿಸುವವರಲ್ಲಿ ಗಿರಾಕಿಗಳೂ ಇದ್ದಾರೆ. ಮೂಡಲಗಿಯ ಆ ಅಂಗಡಿಯಲ್ಲಿ ಕುಳಿತಿದ್ದಾಗಲೇ ಒಬ್ಬರು ತಮ್ಮ ಮೋಟರ್ ಸೈಕಲ್ ಒಯ್ಯಲು ಬಂದರು. ಕಾಕಾ ಮುಂದಿನ ಶಾಕಪ್ಸರ್ ಬಿಚ್ಚಿ, ತೊಳೆದು, ಸೀಲು ಚೆನ್ನಾಗಿದೆ ಎಂದು ಅದನ್ನೇ ಮತ್ತೆ ಕೂಡಿಸಿದ್ದರು. ಗಿರಾಕಿಗೆ ಇದು ಒಪ್ಪಿಗೆಯಾಗಲಿಲ್ಲ. “ಸಾಮಾನ ಏನೂ ಹಾಕಿಲ್ಲಲ್ರಿ, ಬರೇ ಬಿಚ್ಚಿ ನೋಡಿದ್ದಕ್ಕ ಇನ್ನೂರು ರೂಪಾಯಿ ಏನ್ರಿ?” ಎಂದು ಕೊಸರಾಡಿ, ನೂರೈವತ್ತು ಕೊಟ್ಟು ಹೋದರು. ಅವರು ಹೋದ ಮೇಲೆ ಕಾಕಾ ನಕ್ಕರು: “ನೋಡಾಕ ಬರತೈತಿ ಅಂತನ ರೊಕ್ಕಾ ಕೇಳೂದು.”

ಆ ಗಿರಾಕಿ ಕೆಟ್ಟವರೇನಲ್ಲ. ಹೊಸ ಸೀಲು ಹಾಕಿದ್ದರೆ ನಾನೂರಾದರೂ ಮಾತಿಲ್ಲದೆ ಕೊಡುತ್ತಿದ್ದರು. ಕೈಯಲ್ಲಿ ಹಿಡಿದು ನೋಡಬಹುದಾದ ಸಾಮಾನಿಗೆ ಬೆಲೆ, ಕಣ್ಣು ಮತ್ತು ತಿಳಿವಳಿಕೆಗೆ ಕೊಸರಾಟ. ಇದು ಹತ್ತು ಸಲ ನಡೆದರೆ ಮೆಕ್ಯಾನಿಕ್ ಏನು ಕಲಿಯುತ್ತಾನೆ? ಚೆನ್ನಾಗಿರುವ ಸೀಲನ್ನೂ ಕಿತ್ತು ಹೊಸದು ಹಾಕುವುದನ್ನು. ಅಥವಾ ಬಿಚ್ಚದೆಯೇ ಬಿಲ್ಲಿನಲ್ಲಿ ಬರೆಯುವುದನ್ನು. ಹೀಗೆಂದು ನನ್ನ ಫೋರ್ಕನ್ನು ಬಿಚ್ಚದೆ ಬಿಲ್ಲು ಬರೆದವರ ತಪ್ಪು ತೊಳೆದುಹೋಗುವುದಿಲ್ಲ. ಆದರೆ ಕಾಣದ ಕೆಲಸಕ್ಕೆ ಬೆಲೆ ಕೊಡದ ಊರಿನಲ್ಲಿ ಕಾಣದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವುದು ಸ್ವಂತ ಖರ್ಚಿನ ವ್ರತವಾಗಿಬಿಡುತ್ತದೆ. ಸಂತರಿಗಷ್ಟೇ ಸಾಧ್ಯವಾಗುವ ಪ್ರಾಮಾಣಿಕತೆಯನ್ನು ನೆಚ್ಚಿಕೊಂಡು ಯಾವ ಪೇಟೆಯೂ ನಡೆಯಲಾರದು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಚೆನ್ನಾಗಿರುವುದನ್ನು ಪದೇ ಪದೇ ಬಿಚ್ಚುವುದು ಕಂಪನಿಗಳು ಕಲಿಸಿದ ಚಟವಲ್ಲವೇ? ಕೆಳಕಾಲುಗಳನ್ನು 50 ತಾಸಿನ ಸವಾರಿಗೊಮ್ಮೆ ಸರ್ವಿಸ್ ಮಾಡಿ ಎಂದು ರಾಕ್‌ಶಾಕ್ಸ್ ಹೇಳುತ್ತದೆ. ಆ ಗಡುವು ಬರೆಯುವವರೂ ಸೀಲು ಮಾರುವವರೂ ಒಬ್ಬರೇ. ಸಂಶಯ ನ್ಯಾಯವಾದದ್ದೇ. ಕಾಕಾಗೆ ಈ ಲೆಕ್ಕ ಹೇಳಿದಾಗ ಅವರು ಕೇಳಿದ್ದು ಇಷ್ಟೇ: “ಐವತ್ತು ತಾಸು ಎಲ್ಲಿ? ಕಾಲುವಿ ದಂಡಿ ಮ್ಯಾಲೋ, ಕಬ್ಬಿನ ಗಾಡಿ ಹಿಂದೋ?” ಗಡುವನ್ನು ಅವರು ತಳ್ಳಿಹಾಕಲೂ ಇಲ್ಲ, ಪೂಜಿಸಲೂ ಇಲ್ಲ. ಅದನ್ನು ಧೂಳಿನ ಪಕ್ಕದಲ್ಲಿಟ್ಟು ನೋಡಿದರು. ಎಷ್ಟು ಜೋಪಾನ ಸಾಕು ಎಂಬುದಕ್ಕೆ ಪುಸ್ತಕ ಅರ್ಧ ಉತ್ತರ ಕೊಡುತ್ತದೆ. ಉಳಿದರ್ಧವನ್ನು ಬಿಚ್ಚಿ ನೋಡಬಲ್ಲವನೇ ಕೊಡಬೇಕು. ಅಗ್ಗದ ಸೈಕಲ್ಲುಗಳಲ್ಲಿ ಬಿಚ್ಚಲು ಬಾರದಂತೆಯೇ ಮಾಡಿದ ಫೋರ್ಕುಗಳೂ ಬರುತ್ತವೆ. ಅಲ್ಲಿ ಮೋಸಕ್ಕೆ ಎಡೆಯಿಲ್ಲ ನಿಜ, ಆದರೆ ಜೋಪಾನಕ್ಕೂ ಎಡೆಯಿಲ್ಲ.

ಈ ಮಾತು ಸೈಕಲ್ಲಿಗಷ್ಟೇ ಸೇರಿದ್ದಲ್ಲ. ಸಂಕೇಶ್ವರದ ಹಿರಣ್ಯಕೇಶಿ ಇರಲಿ, ನಮ್ಮ ಭಾಗದ ಯಾವುದೇ ಸಕ್ಕರೆ ಕಾರ್ಖಾನೆ ಇರಲಿ, ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಓವರ್‌ಹಾಲಿಂಗ್ ನಡೆಯುತ್ತದೆ. ನಿಂತ ಗಾಣಗಳನ್ನು ಬಿಚ್ಚಿ ನೋಡುವ ಆ ಕೆಲಸಕ್ಕೆ ಹಾರ, ತುರಾಯಿ ಇಲ್ಲ. ಅವೆಲ್ಲ ಕಬ್ಬು ನುರಿಸುವ ಮೊದಲ ದಿನಕ್ಕೆ ಮೀಸಲು. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಕರೆಂಟು ಬಳಸುವ ಸದಸ್ಯರೇ ಅದರ ಮಾಲೀಕರು. ಆದರೂ ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಟೊಂಗೆ ಕಡಿದ ಲೈನ್‌ಮನ್ನನಿಗೆ ಕರೆಂಟು ಹೋಗದ ರಾತ್ರಿ ಯಾರೂ ಫೋನ್ ಮಾಡಿ ಧನ್ಯವಾದ ಹೇಳುವುದಿಲ್ಲ. ಹೋದ ರಾತ್ರಿ ಎಲ್ಲರೂ ಮಾಡುತ್ತಾರೆ. ಮಾಲೀಕನಾದ ಮಾತ್ರಕ್ಕೆ ಕಾಣದ ಕೆಲಸ ಕಾಣುವುದಿಲ್ಲ.

ಹಾಗಾದರೆ ಇಂಥ ಕೆಲಸಕ್ಕೆ ಸಾಕ್ಷಿ ಯಾರು? ಕಾಕಾ ಫೋರ್ಕನ್ನು ಮುಚ್ಚಿದ ಮೇಲೆ ಬಿಳಿ ಟೇಪಿನ ತುಂಡೊಂದರ ಮೇಲೆ ತಾರೀಖು ಬರೆದರು. ಎರಡೂ ಕಾಲಿಗೆ ಹಾಕಿದ ಎಣ್ಣೆಯ ಅಳತೆ ಬರೆದರು. ಕೊನೆಗೆ ‘ಡ್ಯಾಂಪರ್ ಬಿಚ್ಚಿಲ್ಲ’ ಎಂದು ಬರೆದರು. ಅದಕ್ಕೆ ಬೇಕಾದ ಪಾನಾ ಅವರಲ್ಲಿರಲಿಲ್ಲ. ಆ ಟೇಪನ್ನು ಅವರು ಅಂಟಿಸಿದ್ದು ಫೋರ್ಕಿನ ಮೇಲ್ತುದಿಯ ಕೊಳವೆಗೆ. ಫ್ರೇಮಿನೊಳಗೆ ಸೇರಿಸಿದ ಮೇಲೆ ಅದು ನನಗೂ ಕಾಣುವುದಿಲ್ಲ. ಹೊರಗೆ ಅಂಟಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತಲ್ಲ ಎಂದೆ. “ನೀ ಓದಾಕಲ್ಲ ಇದು,” ಅಂದರು, “ಮುಂದ ಬಿಚ್ಚಾವಗ.”

ನನಗೆ ಬೇಕಾಗಿದ್ದ ಉತ್ತರ ಆ ಮಾತಿನಲ್ಲಿತ್ತು. ಕಾಣದ ಕೆಲಸಕ್ಕೂ ನೋಡುವವನಿದ್ದಾನೆ, ತಡವಾಗಿ ಬರುತ್ತಾನೆ ಅಷ್ಟೆ. ಅವನು ಗಿರಾಕಿಯಲ್ಲ, ಬೇಸ್ತು ಬೀಳುವವನೂ ಅಲ್ಲ. ಅದೇ ಕಸುಬಿನವನು. ಕಾಕಾ ಆ ದೊಡ್ಡ ಊರಿನ ಕೆಲಸವನ್ನು ಬೆರಳ ತುದಿಯಲ್ಲಿ ಓದಿದಂತೆ ಅವನು ಇವರದನ್ನು ಓದುತ್ತಾನೆ. ಅವನು ಯಾರೆಂದು ಗೊತ್ತಿಲ್ಲ, ಬಂದೇ ಬರುತ್ತಾನೆಂಬ ಖಾತ್ರಿಯೂ ಇಲ್ಲ. ಆದರೂ ಅವನನ್ನು ಗೌರವಿಸಿ ಮಾಡಿದ ಕೆಲಸ ದೇವರಿಗೆ ಹೆದರಿ ಮಾಡಿದ್ದಕ್ಕಿಂತ, ಗಿರಾಕಿಗೆ ತೋರಿಸಲು ಮಾಡಿದ್ದಕ್ಕಿಂತ ಬೇರೆಯೇ ಬಗೆಯದು. ಅದರಲ್ಲಿ ತಾನು ಮಾಡದೆ ಬಿಟ್ಟದ್ದನ್ನೂ ಬರೆಯಲು ಸಾಧ್ಯವಾಗುತ್ತದೆ. ಗಿರಾಕಿಯ ಮುಂದೆ ‘ಬಿಚ್ಚಿಲ್ಲ’ ಎನ್ನುವುದು ಸೋಲು. ಕಸುಬಿನವನಿಗೆ ಅದು ಮಾಹಿತಿ.

ಬೇರೆ ಕೆಲಸಗಳಲ್ಲೂ ಹೀಗೆಯೇ. ನಾಲ್ಕನೆಯ ಇಯತ್ತೆಯಲ್ಲಿ ಭಾಗಾಕಾರ ಕಲಿಸಿದ ಗುರುಗಳ ಕೆಲಸವನ್ನು ಬಿಚ್ಚಿ ನೋಡುವವರು ಹೈಸ್ಕೂಲಿನ ಮಾಸ್ತರರು. ಹಸ್ತಪ್ರತಿ ಸಂಪಾದಿಸಿದವನ ಕೆಲಸವನ್ನು ನೋಡುವವನು ಐವತ್ತು ವರ್ಷಗಳ ನಂತರದ ಇನ್ನೊಬ್ಬ ಸಂಪಾದಕ. ನಡುವಿನ ಓದುಗರು, ಪಾಲಕರು, ಗಿರಾಕಿಗಳು ಎಲ್ಲರೂ ಹೊಳಪನ್ನಷ್ಟೇ ನೋಡಬಲ್ಲರು.

ನಾವು ಹೆಚ್ಚಾಗಿ ಆ ನಡುವಿನವರು. ಮೆಕ್ಯಾನಿಕ್‌ನ ಮನಸ್ಸಾಕ್ಷಿಯನ್ನು ಕಾಯುವುದು ನಮ್ಮಿಂದಾಗದು. ಬರೇ ಬಿಚ್ಚಿ ನೋಡಿದ್ದಕ್ಕೆ ಕೇಳಿದ ಇನ್ನೂರನ್ನು ಕೊಸರದೆ ಕೊಡುವುದು ಮಾತ್ರ ಆಗುತ್ತದೆ. ‘ಏನೇನು ಮಾಡಿದ್ರಿ’ ಎಂದು ಕೇಳಿದಂತೆಯೇ ‘ಏನು ಮಾಡಲಿಲ್ಲ’ ಎಂದೂ ಕೇಳಿ, ಆ ಉತ್ತರವನ್ನು ಸಿಟ್ಟಿಲ್ಲದೆ ಕೇಳಿಸಿಕೊಳ್ಳುವುದು ಆಗುತ್ತದೆ.